ದಪ್ಪಕಾಯಿ ಗುಡ್ಡೆಯ ಗಡಿ

ತೆಂಗಿನಕಾಯಿಗಳು ಮರದಲ್ಲಿ ದಪ್ಪ, ಸಾಧಾರಣ, ಸಣ್ಣ ಎಂದು ಮೂರು ಪಂಗಡವಾಗಿ ಬಿಡುವುದಿಲ್ಲ. ಒಂದಕ್ಕಿಂತ ಇನ್ನೊಂದು ಕೂದಲೆಳೆಯಷ್ಟು ದಪ್ಪ, ಅಷ್ಟೆ. ಕಿತ್ತು ಅಂಗಳಕ್ಕೆ ತಂದಮೇಲೆ ಮೂರು ಗುಡ್ಡೆ ಮಾಡುವವರು ನಾವು. ನಾಗಮಂಗಲದ ಕಡೆಯ ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ದಪ್ಪ ಗುಡ್ಡೆಯ ಕಡೇ ಕಾಯಿಗೂ ಸಾಧಾರಣ ಗುಡ್ಡೆಯ ಮೊದಲ ಕಾಯಿಗೂ ಏನು ವ್ಯತ್ಯಾಸವೆಂದು ಕೇಳಿದರೆ ಮಾತ್ರ ನನಗೆ ಕೆಮ್ಮು ಬರುತ್ತದೆ.

ಗಡಿಯ ಸಂಕಟ ನನಗೆ ತಿಳಿಯದ್ದಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದೇ ಅಂಕಕ್ಕೆ ಹೋಯಿತು. ನಾನೂ ಸೊನ್ನೆ ತೆಗೆದವನೂ ಒಂದೇ ಗುಡ್ಡೆಗೆ ಬಿದ್ದೆವು. ಒಂದಂಕ ಹೆಚ್ಚು ತೆಗೆದ ಪಕ್ಕದವನು ಪಾಂಡವಪುರದಲ್ಲಿ ಗುಮಾಸ್ತನಾದ. ಗಡಿ ಎಳೆಯುವವರನ್ನು ಅಂದಿನಿಂದ ಬೈಯುತ್ತ ಬಂದವನ ಕೈಗೇ ಆ ಕೆಲಸ ಸಿಕ್ಕಿತು ನೋಡಿ.

ದಪ್ಪಕಾಯಿಯೆಲ್ಲ, ಕಿರಂಗೂರಿಗೆ ಮದುವೆ ಮಾಡಿಕೊಟ್ಟ ತಂಗಿ ಜಯಮ್ಮನಿಗೆ, ಉಳಿದದ್ದು ನನಗೆ ಎಂದು ಅವ್ವ ಹೇಳಿಹೋಗಿದ್ದಳು. ಜಯಮ್ಮ ಬಂದ ದಿನ ನನ್ನ ಕಣ್ಣಿಗೆ ದಪ್ಪಕಾಯಿಗಳೇ ಅಪರೂಪವಾಗುತ್ತಿದ್ದವು. ಅವಳು ಹೋದಮೇಲೆ ವ್ಯಾಪಾರಿ ಬಂದರೆ, ನನ್ನ ಸಾಧಾರಣ ಗುಡ್ಡೆಯಲ್ಲೇ ಬೇಕಾದಷ್ಟು ದಪ್ಪಕಾಯಿಗಳು ಕಾಣುತ್ತಿದ್ದವು. ಊರಿಗೆ ಎಸ್‌ಟಿಡಿ ಬೂತು ಬಂದ ವರ್ಷ ಜಯಮ್ಮ ಒಂದು ದಿನ ಹೆಚ್ಚಿಗೆ ಉಳಿದಳು. ವ್ಯಾಪಾರಿ ಒಂದು ದಿನ ಮೊದಲೇ ಬಂದ. ಸಾಧಾರಣ ಗುಡ್ಡೆಯಿಂದ ಒಂದನ್ನೆತ್ತಿ ದಪ್ಪಕಾಯಿಯೆಂದು ಅವನಿಗೆ ತೋರಿಸುತ್ತಿದ್ದೆ.

"ಅಣ್ಣಯ್ಯ, ನೆನ್ನೆ ಸಾಧಾರಣ ಅಂದ್ಯಲ್ಲ ಈ ಕಾಯಿ, ರಾತ್ರಿಯೆಲ್ಲ ಉಂಡು ದಪ್ಪ ಆಗೋಯ್ತಾ?" ಎಂದು ಜಯಮ್ಮ ನಕ್ಕಳು.

ವ್ಯಾಪಾರಿ ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದ. ನನಗೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ.

"ಇಂಗೇ ಗುಡ್ಡೆ ಮಾಡೋದಾದ್ರೆ ನಂಗೆ ಕಾಯೂ ಬ್ಯಾಡ, ತೌರಿಗೆ ಬರೋದೂ ಬ್ಯಾಡ," ಎಂದಳು. ಈ ಸಲ ಅವಳು ನಗಲಿಲ್ಲ.

ಕೈಲಿದ್ದ ಕಾಯಿಯನ್ನು ಕೆಳಗಿಟ್ಟೆ. "ಅಂಗನ್ಬ್ಯಾಡ ಕಣಮ್ಮಿ. ನೀನೇ ಯೋಳು, ಏನ್ ಮಾಡಾನ?"

"ಗುಡ್ಡೆ ಬುಟ್ಬುಡು. ದಪ್ಪದಿಂದ ಸಣ್ಣದರಗಂಟ ಸಾಲಾಗಿ ಜೋಡ್ಸು. ನಿಂಗೊಂದು, ನಂಗೊಂದು."

ಅಂಗಳದುದ್ದಕ್ಕೂ ಜೋಡಿಸಿದೆವು. ಗಡಿಯೇ ಇಲ್ಲದ ಕಡೆ ಮೋಸಕ್ಕೆ ಜಾಗವೆಲ್ಲಿ? ಮೊದಲು ನೀನು ತಗೋ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕೈ ಎಲ್ಲಕ್ಕಿಂತ ದಪ್ಪದ್ದನ್ನು ಎತ್ತಿಕೊಂಡಾಗಿತ್ತು.

"ಗೊತ್ತಿತ್ತು ಬುಡು," ಎಂದು ಜಯಮ್ಮ ಎರಡನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಎತ್ತಿಕೊಂಡಳು. "ಈಗ ಸರಿಹೋಯ್ತು. ಮುಂದಿನ ಎರಡು ನಿಂದು, ಅದರ ಮುಂದಿನ ಎರಡು ನಂದು."

ಊಟದ ಹೊತ್ತಿಗೆ ಸಾಲು ಮುಗಿಯಿತು. ಬಸ್ಸು ಹತ್ತುವಾಗ ತಿರುಗಿ, "ಬರೋ ಕೊಯ್ಲಿಗೆ ಮೊದಲ್ನೇ ಕಾಯಿ ನಂದು," ಎಂದಳು.

ಹಾಗಾದರೆ ಬರುತ್ತಾಳೆ.