ಗ್ರಿಲ್ಲಿನೊಳಗೆ ದಂಡನಾಯಕ

ಚಕ್ರಪಾಣಿಯವರು ಹೊಟ್ಟೆಪಾಡಿಗೆ ಮೊಬೈಲ್ ಕಂಪನಿಯೊಂದರ ಮ್ಯಾನೇಜರು, ಸ್ವಭಾವದಿಂದ ದಂಡನಾಯಕರು. ಕಾಲೇಜಿನ ಎನ್‌ಸಿಸಿ, ಅದರ ಮೇಲೆ ನೈರೋಬಿಯಲ್ಲಿ ನಿವೃತ್ತ ಮೇಜರೊಬ್ಬರು ನಡೆಸಿದ ವಾರಾಂತ್ಯದ ತರಬೇತಿ. ಇಷ್ಟೇ ಅವರ ಸೇನಾ ಅನುಭವ. ಅಷ್ಟಕ್ಕೇ ಅಲ್ಲಿನ ಕಿಲೆಲೆಶ್ವಾ ಬಡಾವಣೆಯ ಅವರ ಫ್ಲ್ಯಾಟು ಕೋಟೆಯಾಯಿತು. ಹೆಂಡತಿ ಜಯಾ, ಯಾರೂ ಕೇಳದಿದ್ದರೂ, ಸೈನ್ಯವಾದರು.

ಬೆಂಕಿ ಬಿದ್ದರೆ ಒಂದು ಯೋಜನೆ: ನೀರು, ಹಗ್ಗ, ಟಾರ್ಚು, ಅವಲಕ್ಕಿ ತುಂಬಿದ ಎರಡು ಬ್ಯಾಗು ಮುಂಬಾಗಿಲ ಬಳಿ ಸದಾ ಸಿದ್ಧ. ಕಳ್ಳರು ನುಗ್ಗಿದರೆ ಇನ್ನೊಂದು: ಹಾಲಿಗೂ ಮಲಗುವ ಕೋಣೆಗಳಿಗೂ ನಡುವಿನ ಕಬ್ಬಿಣದ ಗ್ರಿಲ್ಲಿನ ಹಿಂದೆ ಓಡಿ ಬೀಗ ಒತ್ತುವುದು. ಎರಡೂ ಪರಿಪೂರ್ಣ. ಒಂದಕ್ಕೊಂದರ ಪರಿಚಯ ಮಾತ್ರ ಮಾಡಿಸಿರಲಿಲ್ಲ.

ಭಾನುವಾರ ಜಯಾ ಬೇಳೆಯ ಕುಕ್ಕರ್ ಒಲೆಗಿಟ್ಟ ಸ್ವಲ್ಪ ಹೊತ್ತಿಗೆ ದಂಡನಾಯಕರು "ಕಳ್ಳರು!" ಎಂದು ಗರ್ಜಿಸಿ, ಹೆಂಡತಿಯನ್ನು ಗ್ರಿಲ್ಲಿನ ಹಿಂದಕ್ಕೆ ಎಳೆದೊಯ್ದು ಬೀಗ ಒತ್ತಿಯೇಬಿಟ್ಟರು.

"ಭೇಷ್! ಡ್ರಿಲ್ ಸಕ್ಸೆಸ್. ಕೀ ಕೊಡು."

"ನನ್ನ ಹತ್ರ ಎಲ್ಲಿದೇರೀ? ಒಂದು ನಿಮ್ಮ ಬ್ಯಾಗಲ್ಲಿ, ಇನ್ನೊಂದು ನನ್ನ ಬ್ಯಾಗಲ್ಲಿ ನೀವೇ ಇಟ್ರಲ್ಲ, ಬ್ಯಾಕಪ್ ಅಂತ!"

ಬ್ಯಾಗುಗಳು ಆಚೆ ಕೂತು ನೋಡುತ್ತಿದ್ದವು. ಫೋನುಗಳು ಊಟದ ಮೇಜಿನ ಮೇಲೆ. ಕುಕ್ಕರ್ ಕೂಗಿತು.

"ಗ್ಯಾಸ್ ಉರೀತಿದೆ ರೀ! ನೀರು ಆರಿದ್ರೆ ಸಿಡಿಯುತ್ತೆ. ಕೆಳಗಡೆ ಮನೆ ಕೋಕಿಲಾನ ಕೂಗ್ತೀನಿ."

"ಬೇಡ! ನಮ್ಮ ಪೊಸಿಷನ್ ಶತ್ರುಗೆ ಗೊತ್ತಾಗ್ಬಾರ್ದು."

"ಶತ್ರು ಇಲ್ಲೇ ಪಂಚೆ ಉಟ್ಕೊಂಡು ನಿಂತಿದೆ!"

ಕಿಟಕಿಯಿಂದ ಕೂಗಿದ್ದೂ ಆಯಿತು. ಪಕ್ಕದ ಮನೆಯವರನ್ನೂ ಕರೆದುಕೊಂಡು ಕೋಕಿಲಾ ಓಡಿಬಂದಳು. ಆದರೆ ಮುಂಬಾಗಿಲಿಗೆ ಒಳಗಿನಿಂದ ಚಿಲಕಗಳ ಸಾಲು, ಅದೂ ಯೋಜನೆಯಂತೆ. "ಬಾಗಿಲು ತೆಗೀರಿ ಆಂಟೀ!" ಎಂದು ಅವಳು ಬಡಿದಳು.

"ತೆಗೆಯೋಕಾಗಿದ್ರೆ ನಿನ್ನ ಯಾಕಮ್ಮಾ ಕರೀತಿದ್ದೆ?"

ಪರದೆಯ ಸರಳುಗಳನ್ನು ಬೆಲ್ಟಿನಿಂದ ಬಿಗಿದು, ತುದಿಗೆ ಹ್ಯಾಂಗರ್ ಸಿಕ್ಕಿಸಿ, ದಂಡನಾಯಕರು ತಮ್ಮ ಬ್ಯಾಗಿಗೆ ಗಾಳ ಹಾಕಿದರು. ಎಲ್ಲ ವಿಪತ್ತಿಗೂ ಸಿದ್ಧವಾಗಿದ್ದ ಆ ಬ್ಯಾಗು ಕದಲಲಿಲ್ಲ, ಸರಳು ಬಾಗಿತು. ಅಷ್ಟರಲ್ಲಿ ಕುಕ್ಕರ್ ಕೂಗುವುದನ್ನೇ ನಿಲ್ಲಿಸಿತು. ಸೀದ ವಾಸನೆ ಬಂತು. ದಂಡನಾಯಕರ ಮುಖದಿಂದ ಮೀಸೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಶೌರ್ಯ ಇಳಿದುಹೋಯಿತು.

"ಇಲ್ಲಿ ಕೊಡಿ," ಎಂದು ಜಯಾ ತಮ್ಮ ಬ್ಯಾಗಿಗೆ ಕೊಕ್ಕೆ ಹಾಕಿದರು. ಅದು ಬೆಕ್ಕಿನ ಮರಿಯಂತೆ ಜಾರಿಕೊಂಡು ಬಂತು.

"ಇದೇನು, ಇಷ್ಟು ಹಗುರ? ನೀರೆಲ್ಲಿ? ಹಗ್ಗ?"

"ಹೊರೋಳು ನಾನು ತಾನೇ? ನೀವು ತುಂಬಿದವತ್ತೇ ಎಲ್ಲಾ ತೆಗೆದಿಟ್ಟೆ." ಒಳಗಿದ್ದದ್ದು ಕೀ ಮತ್ತು ಒಂದು ಪೊಟ್ಟಣ ಚಕ್ಕುಲಿ.

ಗ್ಯಾಸ್ ಆರಿತು, ಬಾಗಿಲು ತೆರೆಯಿತು, ಕುಕ್ಕರ್ ತಣ್ಣಗಾಯಿತು. ಪ್ರಾಣ ಮರಳಿದ ದಂಡನಾಯಕರು ಕೋಕಿಲಾಳ ಎದುರು ಗಂಟಲು ಸರಿಮಾಡಿಕೊಂಡರು. "ಪ್ರತಿ ಕಾರ್ಯಾಚರಣೆ ಆದ್ಮೇಲೆ ವಿಮರ್ಶೆ ಆಗ್ಬೇಕು. ಇದರಿಂದ ನಾವು ಕಲಿತ ಪಾಠ ಏನು?"

ಜಯಾ ಕಪ್ಪಾದ ಕುಕ್ಕರನ್ನು ಅವರ ಕೈಗಿತ್ತರು. "ತಳದಲ್ಲಿ ಅಂಟಿದೆ. ತಿಕ್ಕಿ."