ಡಬ್ಬಿಯ ದುಡ್ಡು

ನನ್ನ ಅತ್ತಿಗೆಯನ್ನು ಜನ ಸೂಪಮ್ಮ ಎಂದೇ ಕರೆಯುತ್ತಿದ್ದರು. ದೊಡ್ಡಾಸ್ಪತ್ರೆಯ ಗೇಟಿನ ಎದುರು, ಔಷಧಿ ಅಂಗಡಿಗೆ ಅಂಟಿಕೊಂಡ ಒಂದೇ ಕೋಣೆ. ಬೀದಿಗೆ ತೆರೆದ ಕಿಟಕಿಯೇ ನಮ್ಮ ಅಂಗಡಿ. ಒಳಗೆ ಒಂದು ಒಲೆ, ಅದರ ಮೇಲೆ ನಾನೇ ಇಳಿದು ಕೂರಬಹುದಾದಷ್ಟು ದೊಡ್ಡ ಹಂಡೆ. ಬೇಳೆ, ಕ್ಯಾರೆಟ್ಟು, ಈರುಳ್ಳಿ, ಒಂದಿಷ್ಟು ಮೆಣಸಿನ ಪುಡಿ, ಅಷ್ಟೇ. ಅಣ್ಣ ಸೊಂಟನೋವಿನ ನೆಪದಲ್ಲಿ ಮೂಲೆ ಹಿಡಿದು ತರಕಾರಿ ಹೆಚ್ಚುತ್ತಿದ್ದ. ಸೊಂಟನೋವು ಬಾಯಿಗೆ ಏರುವುದಿಲ್ಲವಲ್ಲ, ಆ ಬಾಯಿ ಮಾತ್ರ ದಿನವಿಡೀ ಓಡುತ್ತಿತ್ತು. ಅತ್ತಿಗೆ ಬಡಿಸುತ್ತಿದ್ದಳು, ನಾನು ಡಬ್ಬಿಗೆ ಮುಚ್ಚಳ ಹಾಕಿ ಕೊಡುತ್ತಿದ್ದೆ.

ಅತ್ತಿಗೆಯ ಸೂಪು ಮಂದ. ದಿನಾ ಬೆಳಿಗ್ಗೆ ಒಂದು ಚಮಚೆ ತೆಗೆದು ಆರಿಸಿ, ಅಂಗೈ ಮೇಲೆ ಸುರಿದು, ಕೈ ಓರೆ ಮಾಡುವಳು. ಅದು ಹರಿದು ಮಣಿಕಟ್ಟಿಗೆ ಬಂತೋ, ಹಂಡೆ ಇನ್ನೂ ಕುದಿಯಬೇಕು. ಕಿಟಕಿಯ ಮುಂದೆ ಎಷ್ಟೇ ಜನ ಗೊಣಗಲಿ, ಅವಳು ಜಗ್ಗುತ್ತಿರಲಿಲ್ಲ.

"ಕಾಯಿಲೆಯವರು ಕುಡಿಯೋದೇ ನಾಲ್ಕು ಚಮಚ. ಆ ನಾಲ್ಕರಲ್ಲೇ ಊಟ ಇರ್ಬೇಕು ಕಣೇ" ಎನ್ನುತ್ತಿದ್ದಳು.

ಹೀಗಿರುವಾಗ ಪ್ಲಾಸ್ಟಿಕ್ ಡಬ್ಬಿ ಬಂದ್ ಎಂದು ನಗರಸಭೆಯವರು ಹೇಳಿ ಹೋದರು. ಒಳ್ಳೆಯದೇ ಆಯಿತು ಎಂದುಕೊಂಡೆವು. ಆಸ್ಪತ್ರೆಯ ಹಿಂದಿನ ಚರಂಡಿಯಲ್ಲಿ ನಮ್ಮವೇ ಡಬ್ಬಿಗಳು ಕಟ್ಟಿಕೊಂಡು ನಾರುತ್ತಿದ್ದುದನ್ನು ನಾವೂ ಕಂಡಿದ್ದೆವು, ಮೂಗು ಮುಚ್ಚಿಕೊಂಡು ದಾಟಿದ್ದೆವು. ಬದಲಿಗೆ ಕಬ್ಬಿನ ಸಿಪ್ಪೆಯ ಡಬ್ಬಿ ಬಂತು. ಮಣ್ಣಿಗೆ ಹಾಕಿದರೆ ಮಣ್ಣೇ ಆಗುತ್ತದಂತೆ. ಬೆಲೆ ಕೇಳಿ ಅಣ್ಣ ಸೊಂಟನೋವು ಮರೆತು ಎದ್ದು ನಿಂತ.

"ಈ ಹೆಚ್ಚಿಗೆ ದುಡ್ಡು ಯಾರು ಕೊಡ್ಬೇಕು ಸಾರ್?" ಎಂದು ಅತ್ತಿಗೆ ನಗರಸಭೆಯವನನ್ನು ಕೇಳಿದಳು.

"ಅದು ನಮಗೆ ಸಂಬಂಧಿಸಿದ್ದಲ್ಲಮ್ಮ" ಎಂದ ಅವನು.

ಡಬ್ಬಿ ಮಾರುವವನು, "ಗಿರಾಕಿ ಮೇಲೆ ಹಾಕಿ, ಎಲ್ಲರೂ ಹಾಗೇ ಮಾಡೋದು" ಎಂದ. ಗಿರಾಕಿಯೊಬ್ಬ, "ನಾವೇನು ಡಬ್ಬಿ ತಿಂತೀವಾ? ಬೇಕಾದ್ರೆ ಬೊಗಸೆಗೇ ಹಾಕಿ" ಎಂದು ಎರಡೂ ಕೈ ಚಾಚಿದ. ಪರಿಸರ ಉಳಿಯಲಿ ಎನ್ನುವುದರಲ್ಲಿ ಎಲ್ಲರದೂ ಒಂದೇ ಮಾತು. ದುಡ್ಡಿನ ಸುದ್ದಿ ಬಂದರೆ ಒಬ್ಬೊಬ್ಬರೂ ಜಾರಿಕೊಳ್ಳುವವರೇ. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ರೇಟು ಏರಿಸು ಅತ್ತಿಗೆ, ಮುಲಾಜು ಬೇಡ" ಎಂದೆ.

"ಅವರ ಮುಖ ನೋಡಿದೀಯಾ? ಔಷಧಿ ಚೀಟಿ ಹಿಡ್ಕೊಂಡು ನಿಂತಿರ್ತಾರೆ. ನಾನೂ ಒಂದು ಬರೆ ಎಳೀಲಾ?"

"ಹಾಗಾದ್ರೆ ಪಾತ್ರೆ ತರೋಕೆ ಹೇಳು."

"ಆಂಬುಲೆನ್ಸ್ ಹತ್ತೋರು ಪಾತ್ರೆ ಹುಡುಕ್ತಾ ಕೂರ್ತಾರೇನೇ?"

ಮಾರನೆಯ ದಿನದಿಂದ ಹಂಡೆಗೆ ಬೇಳೆ ಕಡಿಮೆ ಬಿತ್ತು, ನೀರು ಹೆಚ್ಚು ಬಿತ್ತು. ಅಂಗೈ ಮೇಲೆ ಸುರಿದು ನೋಡುವುದನ್ನು ಅತ್ತಿಗೆ ಬಿಟ್ಟೇಬಿಟ್ಟಳು. ಸ್ವಲ್ಪ ದಿನ ಮಾತ್ರ ಎಂದಳು. ಆದರೆ ಡಬ್ಬಿ ಅಗ್ಗವಾಗಲಿಲ್ಲ, ಸೂಪು ತೆಳ್ಳಗಾಗುತ್ತಲೇ ಹೋಯಿತು. ಯಾರೂ ಕೇಳಲಿಲ್ಲ. ಆಸ್ಪತ್ರೆಯ ಮುಂದೆ ನಿಂತವರು ಸೂಪಿಗಾಗಿ ಜಗಳ ಆಡುವುದಿಲ್ಲ; ಅವರ ಜಗಳವೆಲ್ಲ ದೇವರ ಜೊತೆ.

ಪಾತ್ರೆ ತರುತ್ತಿದ್ದವರು ಒಬ್ಬರೇ, ಗಡಿಯಾರ ರಿಪೇರಿ ಮಾಡುತ್ತಿದ್ದ ತಾತ. ಅವರ ಹೆಂಡತಿ ಮೂರನೇ ಮಹಡಿಯ ವಾರ್ಡಿನಲ್ಲಿದ್ದರು. ತಾತ ಮುಚ್ಚಳದ ಸ್ಟೀಲ್ ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು. "ನಿಮ್ಮಂಥೋರು ಹತ್ತು ಜನ ಇದ್ದಿದ್ರೆ ನಾನು ಬಚಾವ್ ತಾತ" ಎಂದು ಅತ್ತಿಗೆ ನಗಿಸುತ್ತಿದ್ದಳು. ಆ ಅಜ್ಜಿ ಬೇರೇನನ್ನೂ ಮುಟ್ಟುತ್ತಿರಲಿಲ್ಲ. "ನಿಮ್ಮ ಸೂಪು ಅಂದ್ರೆ ಪಾತ್ರೆ ಕೆರೆದು ತಿಂತಾಳಮ್ಮ" ಎಂದು ತಾತ ಮೊದಮೊದಲು ಹಿಗ್ಗುತ್ತಿದ್ದರು. ಆಮೇಲಾಮೇಲೆ ಆ ಮಾತು ನಿಂತಿತು. ನಮ್ಮ ಗಡಿಬಿಡಿಯಲ್ಲಿ ನಾವದನ್ನು ಗಮನಿಸಲಿಲ್ಲ.

ಒಂದು ಮಧ್ಯಾಹ್ನ ತಾತ ಬರಿಗೈಯಲ್ಲಿ ಬಂದರು.

"ಇವತ್ತು ಸೂಪು ಬೇಡಮ್ಮ, ಹೇಳಿ ಹೋಗೋಣ ಅಂತ ಬಂದೆ. ಮನೆಗೆ ಕರ್ಕೊಂಡು ಹೋಗ್ತಿದೀನಿ."

"ಹುಷಾರಾದ್ರಾ?" ಅತ್ತಿಗೆಯ ಮುಖ ಅರಳಿತು.

"ಎಲ್ಲಿಯ ಹುಷಾರು! ಬಾಯಿರುಚಿನೇ ಸತ್ತೋಯ್ತು. ಸೂಪು ಕೊಟ್ರೆ, ಬರೀ ನೀರು ಯಾಕೆ ಕುಡಿಸ್ತೀರಾ ಅಂತಾಳೆ. ಪಾತ್ರೆ ತಳ್ತಾಳೆ. ನಿಮ್ಮ ಸೂಪೇ ಬೇಡ ಅಂದ ಮೇಲೆ ಇನ್ನೇನಿದೆ? ದೇಹ ಸಾಕು ಅಂತಿದೆ. ಸುಮ್ನೆ ಚುಚ್ಚಿಸಿ ಯಾಕೆ ನೋಯಿಸ್ಲಿ? ಅವಳ ಮಂಚದ ಮೇಲೇ ಆಗ್ಲಿ." ಅವರು ಕಣ್ಣೊರೆಸಿಕೊಂಡರು. "ಇಷ್ಟು ದಿನ ಅವಳನ್ನ ಬದುಕಿಸಿದ್ದು ನೀವಮ್ಮ. ನಿಮ್ಮನ್ನ ಮರೆಯಲ್ಲ."

ಅತ್ತಿಗೆ ಸೌಟು ಹಿಡಿದು ಹಂಡೆ ಕಲಕತೊಡಗಿದಳು. ಹೇಳಿಬಿಡು, ಹೇಳಿಬಿಡು ಎಂದು ನಾನು ಒಳಗೊಳಗೇ ಒದ್ದಾಡಿದೆ. ತಾತ ಕೈ ಮುಗಿದು ರಸ್ತೆ ದಾಟಿ ಗೇಟಿನೊಳಗೆ ಹೋದರು.

ಆಮೇಲೆ ಅವಳಿಗೆ ಏನಾಯಿತೋ, ಹಂಡೆಯನ್ನು ಪಕ್ಕಕ್ಕೆ ಎಳೆದು, ಸಣ್ಣ ಪಾತ್ರೆ ಇಟ್ಟು, ಹಿಡಿ ಹಿಡಿ ಬೇಳೆ ಸುರಿದಳು. ಕಿಟಕಿಯಲ್ಲಿ ಕೂಗುವವರು ಕೂಗುತ್ತಲೇ ಇದ್ದರು. ಸುಡುಸುಡು ಸೂಪನ್ನೇ ಅಂಗೈಗೆ ಸುರಿದುಕೊಂಡು ನೋಡಿದಳು, ಚರ್ಮ ಕೆಂಪಾಯಿತು. ಡಬ್ಬಿಗೆ ತುಂಬಿಕೊಂಡು ಓಡಿದಳು, ಹಿಂದೆ ನಾನು.

ಮೂರನೇ ಮಹಡಿಯಲ್ಲಿ ಆಯಾ ಆ ಮಂಚದ ಹೊದಿಕೆ ಎಳೆಯುತ್ತಿದ್ದಳು. "ಈಗ್ತಾನೆ ಮನೆಗೆ ಕರ್ಕೊಂಡು ಹೋದ್ರು. ನಿನ್ನೆವರೆಗೂ ತಾತ ಹೆಂಡ್ತೀನ ಉಳಿಸ್ಕೋಬೇಕು ಅಂತ ಹೊಡೆದಾಡ್ತಿದ್ರು ಪಾಪ, ಆಯಮ್ಮ ತಿನ್ನೋದು ಬಿಟ್ಟ ಮೇಲೆ ಕೈ ಚೆಲ್ಲಿಬಿಟ್ರು" ಎಂದಳು. ಆಫೀಸಿನಲ್ಲಿ ಕೇಳಿದರೆ, ಸಂಬಂಧಿಕರಲ್ಲದವರಿಗೆ ವಿಳಾಸ ಕೊಡುವುದಿಲ್ಲ ಎಂದರು. ಅತ್ತಿಗೆ ಅಂಗಲಾಚಿದಳು. ಸೂಪು ಮಾರುವವಳಿಗೆ ವಿಳಾಸ ಯಾತಕ್ಕೆ ಎಂದು ಗದರಿದರು.

ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು.

"ಡಬ್ಬೀನೇ ಮುಟ್ಟದವರ ಹತ್ರ ಡಬ್ಬಿ ದುಡ್ಡು ಕಿತ್ಕೊಂಡೆ ಕಣೇ" ಎಂದಳು.

  ನಾನು ಅವಳ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ. ಕೆಳಗೆ ಹಂಡೆಯಲ್ಲಿ ಇನ್ನೂ ಅರ್ಧ ಸೂಪಿತ್ತು, ಕಿಟಕಿಯ ಮುಂದೆ ಜನ ಕಾಯುತ್ತಿದ್ದರು. ಇಳಿದು ಹೋಗಿ ಅದನ್ನೇ ಬಿಸಿ ಮಾಡಿ ಕೊಟ್ಟೆವು.