ಪುಕ್ಕಟೆ ಸೀಸೆಗಳ ಮಾವ

ನನ್ನ ಮಾವನ ಬಲಗೈ ಬೆರಳ ತುದಿಗಳು ಸದಾ ಹಳದಿ. ಅರಿಸಿನದ ಹಳದಿಯಲ್ಲ, ತೊಳೆದರೂ ಹೋಗದ ಆ್ಯಸಿಡ್ಡಿನ ಕಲೆ. ಸವದತ್ತಿ ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟವರಿಗೆ ಅದೆಲ್ಲಿಂದ ಬಂತು ಎಂದು ಊರಿಗೆಲ್ಲ ಸಂಶಯ. ಬಂಗಾರ ಮಾಡುತ್ತಾರೆ ಎಂದರು ಕೆಲವರು, ಬಾಂಬು ಎಂದರು ಉಳಿದವರು.

ನಡೆದದ್ದು ಇಷ್ಟೆ. ಅವರಿಗೆ ಮನೆಯಲ್ಲೇ ರಸಾಯನದ ಪ್ರಯೋಗ ಮಾಡುವ ಹುಚ್ಚು. ಮುಂಬಯಿಯ ಔಷಧ ಕಂಪನಿಗಳಿಗೆ ಬರೆದು, ಮಾರಲು ಬಾರದ ಸೀಳು ಬಿಟ್ಟ ಗಾಜಿನ ನಳಿಗೆ, ಅರ್ಧ ಉಳಿದ ಸೀಸೆಗಳನ್ನು ಪುಕ್ಕಟೆ ತರಿಸುತ್ತಿದ್ದರು. ಬಂದದ್ದನ್ನೆಲ್ಲ ಮೊದಲು ಪರೀಕ್ಷೆ ಮಾಡುವರು. "ಚೀಟಿ ಮ್ಯಾಲ ಬರದದ್ದ ಒಳಗ ಇರತೈತಿ ಅಂತ ಯಾರ ಹೇಳ್ಯಾರ?" ಊರಿಗೆ ಅವರ ಮೇಲಿದ್ದುದಕ್ಕಿಂತ ಹೆಚ್ಚಿನ ಸಂಶಯ ಅವರಿಗೆ ಕಂಪನಿಯ ಮೇಲಿತ್ತು.

ನನ್ನ ಲಗ್ನ ಗಟ್ಟಿ ಮಾಡುವ ಸಕ್ಕರೆ ಕಾರ್ಯಕ್ಕೆ ಕಟಕೋಳದಿಂದ ನಮ್ಮ ಹಿರಿಯರ ಜೊತೆ ನಾನೂ ಹೋಗಿದ್ದೆ. ಗೋಡೆಯ ಮಾಡದಲ್ಲಿ ಬಿಳಿ ಪುಡಿಯ ಸೀಸೆಗಳ ಸಾಲು, ಎದುರಿಗೆ ತಾಟಿನಲ್ಲಿ ಬಿಳಿ ಸಕ್ಕರೆ. ದೊಡ್ಡಪ್ಪ ಎರಡನ್ನೂ ನೋಡಿ ಚಾಚಿದ ಕೈ ಹಿಂದೆಗೆದ. "ಇದು ಯಾವ ಸೀಸೇದಾಗಿಂದೋ ಯಾರ ಬಲ್ಲರು?" ಹಿರಿಯರು ಸಕ್ಕರೆ ತಿನ್ನದೆ ಸಂಬಂಧ ಕೂಡುವುದಿಲ್ಲ. ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿಯ ಮುಖ ಬಾಡಿತು. ನನಗೆ ತಡೆಯಲಾಗಲಿಲ್ಲ. ಹಿರಿಯರ ಗುಜುಗುಜಿನ ನಡುವೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಮಾವ ಅದನ್ನು ನೋಡಿದರು.

ದೊಡ್ಡಪ್ಪನ ಮಾತಿಗೆ ಅವರು ಸಿಟ್ಟಾಗಬಹುದು ಎಂದುಕೊಂಡಿದ್ದೆ. "ಸಂಶಾ ಬಂದದ್ದು ಛಲೋ ಆತ್ರಿ" ಎನ್ನುತ್ತ ಒಂದು ಸೌಟಿನಲ್ಲಿ ಸಕ್ಕರೆ, ಇನ್ನೊಂದರಲ್ಲಿ ಸೀಸೆಯ ಪುಡಿ ಹಾಕಿ ಒಲೆಗೆ ಹಿಡಿದರು. ಸಕ್ಕರೆ ಕರಗಿ ಕೆಂಪಗಾಗಿ ಘಮ್ಮೆಂದಿತು. ಪುಡಿ ಬೆಳ್ಳಗೇ ಉಳಿಯಿತು.

"ಅದಿರಲಿ, ಕಂಪನ್ಯಾವ್ರು ಪುಕ್ಕಟ ಯಾಕ ಕೊಡತಾರ?" ದೊಡ್ಡಪ್ಪ ಬಿಡಲಿಲ್ಲ.

"ಅದು ನನಗೂ ತಿಳದಿಲ್ರಿ. ಇನ್ನೂ ಹುಡಕಾಕ ಹತ್ತೇನಿ."

ದೊಡ್ಡಪ್ಪ ನಕ್ಕ. "ಹಂಗಾರ ನೀವು ನಮ್ಮಂಥಾವ್ರ ಬಿಡ್ರಿ" ಎಂದು ಸಕ್ಕರೆ ತಿಂದ.

ಕೊನೆಯ ಬೇನೆಯಲ್ಲಿ ಮಾವ ನಮ್ಮ ಮನೆಯಲ್ಲೇ ಇದ್ದರು. ಒಂದು ಸಂಜೆ ನನ್ನ ಕೈ ಹಿಡಿದುಕೊಂಡು, "ಅವತ್ತ ಎಲ್ಲಾರೂ ಸಂಶಾ ಪಟ್ರು, ನೀವೊಬ್ಬರ ಹಿಂದ ಮುಂದ ನೋಡದ ತಿಂದ್ರಿ. ಇಂಥಾವ್ರಿಗೆ ಮಗಳನ್ನ ಹೆಂಗ ಕೊಟ್ಟೆ ಅಂತ ಬಾಳ ವರ್ಷ ನಿಮ್ಮ ಮ್ಯಾಲ ಸಂಶಾ ಇತ್ತು ನನಗ" ಎಂದರು.

"ಈಗರೀ?" ಎಂದೆ.

ಅವರಿಗಾಗಿ ಗಂಜಿ ಆರಿಸುತ್ತ ಕೂತಿದ್ದ ತಮ್ಮ ಮಗಳ ಕಡೆ ನೋಡಿದರು. "ಪರೀಕ್ಷಾ ಆತು" ಎಂದು ಕಣ್ಣು ಮುಚ್ಚಿಕೊಂಡರು.

ಮರುದಿನ ತೀರಿಕೊಂಡರು. ಯಾರನ್ನೂ ಸುಮ್ಮನೆ ನಂಬದವರು ನನ್ನನ್ನು ನಂಬಿ ಹೋದರಲ್ಲ, ಆ ಋಣ ನನ್ನ ಮೇಲಿದೆ.